ಓದಿ ಹೇಳಿದ ಹುಡುಗಿಗೆ

ಗುರುವಾರ, ಮಧ್ಯಾಹ್ನ

ಪ್ರೀತಿಯ ಗೆಜ್ಜೆಗೆ,

ನಿನ್ನ ದೊಡ್ಡಮ್ಮ ಮನಸಾರೆ ಹರಸಿ ಬರೆಯುತ್ತಿರುವುದು. ಇವತ್ತು ನನಗೆ ಉಪವಾಸ. ದೀಪ ಹಚ್ಚುವ ತನಕ ನೀರು ಬಿಟ್ಟರೆ ಬೇರೇನೂ ಇಲ್ಲ. ಬೆಳಿಗ್ಗೆ ಎದ್ದು ಮನೆ ಗುಡಿಸಿ ಒರೆಸಿದೆ, ಹಿತ್ತಲಿನ ತೊಟ್ಟಿಗೆ ನೀರು ತುಂಬಿಸಿದೆ, ತಮ್ಮನ ಅಂಗಿಗಳ ಕಾಲರಿಗೆ ಸೋಪು ತಿಕ್ಕಿ ನೆನೆಹಾಕಿದೆ, ಮೆಟ್ಟಿಲ ಮೇಲೆ ಬಿದ್ದಿದ್ದ ಎಲೆಗಳನ್ನು ಬಳಿದು ಹಾಕಿದೆ. ಮಂಡಿ ಕಟಕ್ ಅನ್ನುತ್ತಲೇ ಇತ್ತು. ಅದರ ಪಾಡಿಗೆ ಅದು ಅನ್ನಲಿ ಎಂದು ಬಿಟ್ಟೆ. ಉಪವಾಸದ ದಿನ ಸುಳ್ಳು ಹೇಳಬಾರದು ಎಂದು ನಮ್ಮಮ್ಮ ಕಲಿಸಿದ್ದು. ನಿನಗೆ ಅದನ್ನು ಹೇಳಿದಾಗ ನೀನು, ಹಾಗಾದ್ರೆ ಬಾಕಿ ದಿನ ಹೇಳಬಹುದಾ ದೊಡ್ಡಮ್ಮ ಎಂದು ಕೇಳಿ ನನ್ನನ್ನು ನಗಿಸಿದ್ದೆ. ನಕ್ಕು ನಕ್ಕು ನನ್ನ ಕಣ್ಣಿನ ಪಟ್ಟಿ ಸಡಿಲವಾಗಿತ್ತು. ಅದಕ್ಕೇ ಈ ಕಾಗದಕ್ಕೆ ಇವತ್ತಿನ ದಿನವನ್ನೇ ಇಟ್ಟುಕೊಂಡೆ.

ಕವರಿನ ಹಿಂದೆ ನನ್ನ ಹೆಸರು ನೋಡಿ ನಿನಗೆ ಸಿಟ್ಟು ಬರುತ್ತದೆ. ಬರಲಿ. ಹರಿದು ಬಿಸಾಡುವುದಿದ್ದರೆ ಓದಿ ಆದಮೇಲೆ ಬಿಸಾಡು, ಮುಂಚೆ ಬೇಡ.

ನಿನ್ನನ್ನು ಇನ್ನೂ ಗೆಜ್ಜೆ ಎಂದು ಕರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ನೀನು ಗೇಟು ತೆಗೆಯುವ ಮೊದಲೇ ನಿನ್ನ ಕೈಯಲ್ಲಿನ ಕೀಲಿಗೊಂಚಲು ಝಲ್ ಝಲ್ ಅನ್ನುತ್ತಿತ್ತು, ಅದಕ್ಕೆ ಆ ಹೆಸರಿಟ್ಟೆ. ಈ ಮನೆಯ ಕೀಲಿ, ತಮ್ಮನ ಕಾರಿನ ಕೀಲಿ, ಅವನ ಇಲಾಖೆಯ ಕೋಣೆಯ ಕೀಲಿ, ಕಪಾಟಿನ ಕೀಲಿ, ಎಲ್ಲಾ ಅದರಲ್ಲಿದ್ದವು. ನಿನ್ನದು ಅನ್ನುವುದು ಹಾಸ್ಟೆಲ್ ರೂಮಿನ ಕೀಲಿ ಒಂದೇ ಎಂದು ಆಗ ನನಗೆ ಹೊಳೆಯಲಿಲ್ಲ. ಸದ್ದು ಇಂಪಾಗಿತ್ತು. ಅಷ್ಟಕ್ಕೇ ಸಂತೋಷಪಟ್ಟುಕೊಂಡು ಕೂತೆ.

ಮೊದಲಿನಿಂದ ಹೇಳುತ್ತೇನೆ. ನಿನಗೆ ಗೊತ್ತಿರುವುದೂ ಇದರಲ್ಲಿ ಬರುತ್ತದೆ, ಆದರೆ ಹಾಗೆ ಹೇಳಿದರೇ ನನಗೆ ದಾರಿ ತಪ್ಪುವುದಿಲ್ಲ. ಗಂಡ ತೀರಿಕೊಂಡ ಮೇಲೆ ತಮ್ಮ ನನ್ನನ್ನು ಇಲ್ಲಿಗೆ ಕರೆದುಕೊಂಡು ಬಂದ. ಅವನು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರು, ಅವನ ಹೆಂಡತಿ ಬೇರೆ ಊರಿನ ಬ್ಯಾಂಕಿನಲ್ಲಿ, ವಾರದ ಕೊನೆಗೆ ಬರುವವಳು. ಇಡೀ ದಿನ ಈ ಮನೆಯಲ್ಲಿ ನಾನು, ದೇವರು, ಗೋಡೆ ಗಡಿಯಾರ. ನನಗೆ ಕಣ್ಣಿನ ಆಪರೇಷನ್ ಆದಾಗ ಅವನು ನಿನ್ನನ್ನು ಕರೆತಂದು, ಅಕ್ಕ, ಇವಳು ನನ್ನ ಕೈಕೆಳಗೆ ಪಿಎಚ್‌ಡಿ ಮಾಡ್ತಿದಾಳೆ, ನಿಂಗೆ ಔಷಧಿ ಬಿಡ್ತಾಳೆ, ಏನಾದ್ರೂ ಓದಿ ಹೇಳ್ತಾಳೆ, ಒಳ್ಳೆ ಹುಡುಗಿ ಅಂದ. ನಾನು ನಿನ್ನ ಮುಖ ನೋಡಲು ಆಗದೆ ಕೈ ಹಿಡಿದು ನೋಡಿದೆ. ಕೈ ತಣ್ಣಗಿತ್ತು, ನೀರಿನ ವಾಸನೆ ಬರುತ್ತಿತ್ತು. ಏನಮ್ಮ ಓದ್ತಿರೋದು ಎಂದು ಕೇಳಿದರೆ ಬಸವನಹುಳು ಅಂದೆ. ಕೆರೆ ನೀರು ಕೆಟ್ಟರೆ ಅದರ ಚಿಪ್ಪು ಹೇಗೆ ತೆಳ್ಳಗಾಗುತ್ತದೆ ಎಂದು ನೋಡುತ್ತೀಯಂತೆ. ಗಾಳಿಯ ಹಾಗೆ ಬರುವವಳು, ಗಾಳಿಯ ಹಾಗೆ ಹೋಗುವವಳು, ಓದುವುದು ಬಸವನಹುಳು! ನಿನ್ನ ಹಿಂದೆ ಬಿದ್ರೆ ಆ ಹುಳಕ್ಕೆ ಎದೆ ಒಡೆದುಹೋಗುತ್ತೆ ಕಣೇ ಎಂದು ಎಷ್ಟು ಸಲ ರೇಗಿಸಿದೆನೋ.

ನಿನ್ನ ಓದು ಹೇಗಿತ್ತು ಎಂದು ನಿನಗೆ ಯಾರೂ ಹೇಳಿರಲಾರರು. ಪ್ರಾರ್ಥನೆಯ ಪುಸ್ತಕವನ್ನು ಎಲ್ಲರೂ ಮೂಗಿನಲ್ಲಿ ರಾಗ ಎಳೆದು ಓದುತ್ತಾರೆ. ನೀನು ಪಕ್ಕದ ಮನೆಯವರು ಕಷ್ಟ ಹೇಳಿಕೊಂಡ ಹಾಗೆ ಓದುತ್ತಿದ್ದೆ. ದೇವರಿಗೂ ಹೊಸದಾಗಿ ಕೇಳಿಸಿರಬೇಕು. ಸಂಜೆ ಓದು ಮುಗಿಸಿ ನೀನು ಊಟದ ಮೇಜಿಗೆ ಹೋಗಿ ತಮ್ಮನ ಉತ್ತರಪತ್ರಿಕೆಗಳ ಕಟ್ಟು ಬಿಚ್ಚುತ್ತಿದ್ದೆ. ಹಾಳೆ ತಿರುವುವ ಸದ್ದು ನನಗೆ ಜೋಗುಳ. ಅವನು ತಿದ್ದಬೇಕಾದ್ದನ್ನು ನೀನು ತಿದ್ದುತ್ತಿದ್ದೀಯ ಎಂದು ಗೊತ್ತಿತ್ತು. ಶಿಷ್ಯೆ ಗುರುವಿಗೆ ಕೈಜೋಡಿಸುತ್ತಾಳೆ, ನಮ್ಮ ಕಾಲದಲ್ಲಿ ನಾವೂ ಮೇಷ್ಟರ ಮನೆಗೆ ನೀರು ಹೊತ್ತವರೇ ಅಂದುಕೊಂಡೆ. ನೀರು ಹೊತ್ತದ್ದಕ್ಕೆ ನನಗೆ ಏನು ವಿದ್ಯೆ ಬಂತು ಎಂದು ಕೇಳಿಕೊಳ್ಳಲಿಲ್ಲ. ಏಳನೆಯ ತರಗತಿಗೇ ಬಿಡಿಸಿದರು.

ಎರಡನೆಯ ಕಣ್ಣಿನ ಆಪರೇಷನ್ ಆದ ವಾರ ನೆನಪಿದೆಯಾ? ನೀನು ಆಸ್ಪತ್ರೆಯಲ್ಲೇ ಇದ್ದೆ, ಆಮೇಲೆ ನಮ್ಮ ನಡುಮನೆಯಲ್ಲೇ ಮಲಗಿದೆ. ಒಂದು ಸಂಜೆ ಹಾಸ್ಟೆಲ್ಲಿಗೆ ಹೋಗಿ ಬಂದವಳು ಓದುತ್ತ ಓದುತ್ತ ಬಿಕ್ಕಿ ಬಿಕ್ಕಿ ಅತ್ತೆ. ನಾನು ನಿನ್ನ ತಲೆ ಸವರಿದೆ. ಈ ಕಾಲದಲ್ಲೂ ಇಂಥ ಭಕ್ತಿ ಇರುವ ಹುಡುಗಿ ಇದ್ದಾಳಲ್ಲ ಎಂದು ನನ್ನ ಕಣ್ಣಲ್ಲೂ ನೀರು ಬಂತು, ಡಾಕ್ಟರು ಅಳಬಾರದು ಅಂದಿದ್ದರೂ. ತಮ್ಮನ ಹೆಂಡತಿ ಬಂದಾಗ ಹೇಳಿಕೊಂಡು ಮೆರೆದೆ. ಅವಳು, ಅತ್ತಿಗೆ, ಓದೋದು ಅವಳು, ಪುಣ್ಯ ನಿಮಗೆ, ಚೆನ್ನಾಗಿದೆ ವ್ಯವಹಾರ ಅಂದಳು. ಚುಚ್ಚಿದ್ದು ತಿಳಿಯದೆ ನಕ್ಕುಬಿಟ್ಟೆ.

ಆ ವಾರ ನೀರು ಬದಲಿಸುವವರಿಲ್ಲದೆ ಲ್ಯಾಬಿನ ಗಾಜಿನ ತೊಟ್ಟಿಯಲ್ಲಿ ನಿನ್ನ ಹುಳುಗಳೆಲ್ಲ ಸತ್ತಿದ್ದವು ಎಂದು ನನಗೆ ಈಗ ಗೊತ್ತಾಗಿದೆ. ಮರಿಯಿಂದ ಸಾಕಿದವು. ಮತ್ತೆ ಮೊಟ್ಟೆಯಿಂದ ಶುರು ಮಾಡಬೇಕಾಯಿತು ನೀನು. ಅವತ್ತು ಸಂಜೆ ಲ್ಯಾಬಿಗೂ ಹೋಗಿ ಅದನ್ನು ನೋಡಿ ಬಂದವಳೇ ಕೈಕಾಲು ತೊಳೆದು, ನನ್ನ ಪಕ್ಕ ಕೂತು, ಪುಟ ತೆಗೆದು, ದಯಾಮಯನೇ ಎಂದು ಓದಿದೆ.

ಈ ಸಾಲು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ.

ಇನ್ನು ನಾನು ಮಾಡಿದ್ದು. ಹುಳುಗಳು ಮತ್ತೆ ಬೆಳೆದು, ನಿನ್ನ ಬರವಣಿಗೆ ಮುಗಿಯುತ್ತ ಬಂದಾಗ ನನಗೆ ಹೆದರಿಕೆ ಹುಟ್ಟಿತು. ಇವಳು ಪಾಸಾಗಿ ಹೋದರೆ ನನ್ನ ಪಾಡೇನು? ದೇವರ ಮುಂದೆ ಕೂತು, ಇವಳನ್ನ ಇನ್ನೊಂದು ವರ್ಷ ನನ್ನ ಹತ್ರ ಇರಿಸಪ್ಪಾ ಎಂದು ಬೇಡಿಕೊಂಡೆ. ಅದಕ್ಕೆಂದೇ ಉಪವಾಸವನ್ನೂ ಹಿಡಿದೆ. ಸಾಲದ್ದಕ್ಕೆ, ಒಂದು ಬೆಳಿಗ್ಗೆ ತಮ್ಮ ಅಂಗಿ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಅವನ ಹತ್ತಿರವೂ ಅಂದೆ: ಅವಳನ್ನ ಇಷ್ಟು ಬೇಗ ಕಳಿಸಿಬಿಡಬೇಡ ಕಣೋ, ಇನ್ನೊಂದು ವರ್ಷ ಇರ್ಲಿ. ಅವನು ಕನ್ನಡಿ ನೋಡಿಕೊಂಡೇ, ನೋಡೋಣ ಬಿಡಕ್ಕ ಅಂದ.

ನೀನು ಉಳಿದೆ. ಪ್ರಬಂಧದಲ್ಲಿ ಇನ್ನೂ ಕೊರತೆ ಇದೆ, ಈಗಲೇ ರುಜು ಹಾಕಲ್ಲ, ಮತ್ತೆ ಮಾಡು ಅಂದನಂತೆ. ನನಗೆ ಅದು ತಿಳಿಯದು, ನೀನು ಬರುತ್ತಿದ್ದೀಯ ಅನ್ನುವುದಷ್ಟೇ ತಿಳಿದದ್ದು. ದೇವರು ನನ್ನ ಮೊರೆ ಕೇಳಿದ ಎಂದು ದಿನಾ ಕೈಮುಗಿದೆ. ಕೊಟ್ಟವನು ದೇವರಲ್ಲ, ನನ್ನ ತಮ್ಮ. ಅವನು ಕೊಟ್ಟದ್ದು ತನ್ನ ಗಂಟಿನಿಂದಲ್ಲ, ನಿನ್ನ ಆಯುಸ್ಸಿನಿಂದ. ನನ್ನ ಉಪವಾಸ ನಿನ್ನ ಹೊಟ್ಟೆಯ ಮೇಲೆ ಹೊಡೆಯಿತು, ಮಗಳೇ.

ಆಮೇಲೆ ನೀನು ಬರುವುದು ನಿಂತಿತು. ಪರೀಕ್ಷೆ ಕೆಲಸ, ಬಿಡುವಿಲ್ಲ ಅಂದ. ಮನೆಗೆಲಸ ಮಾಡಿಸಿಕೊಂಡು ವರ್ಷ ತಳ್ಳಿದ ಎಂದು ನೀನು ಅವನ ಮೇಲೆ ದೂರು ಕೊಟ್ಟದ್ದು ನನಗೆ ಹೇಳಲಿಲ್ಲ. ಒಂದು ದಿನ, ಅಕ್ಕ, ಯೂನಿವರ್ಸಿಟಿಯಿಂದ ಇಬ್ಬರು ಬರ್ತಾರೆ, ನಿನ್ನ ಗೆಜ್ಜೆ ಬಗ್ಗೆ ನಾಲ್ಕು ಮಾತು ಕೇಳ್ತಾರೆ, ಇದ್ದದ್ದು ಇದ್ದ ಹಾಗೆ ಹೇಳು ಅಂದ. ನಾನು ನಿನಗೆ ಏನೋ ಬಹುಮಾನವೋ ಕೆಲಸವೋ ಕೊಡಲು ವಿಚಾರಿಸುತ್ತಾರೆ ಅಂದುಕೊಂಡೆ. ಒಳ್ಳೆಯ ಸೀರೆ ಉಟ್ಟು ಕೂತೆ. ಒಬ್ಬ ಗಂಡಸು, ದಪ್ಪ ಕನ್ನಡಕದ ಒಬ್ಬ ಮೇಡಂ ಬಂದರು. ಹುಡುಗಿ ಇಲ್ಲಿಗೆ ತಾನಾಗೇ ಬರ್ತಿದ್ಳಾ ಎಂದು ಮೇಡಂ ಕೇಳಿದರು. ನಾನು ಒಂದಕ್ಕೆ ಹತ್ತು ಹೇಳಿದೆ. ಯಾರೂ ಕರೀಬೇಕಾಗಿರ್ಲಿಲ್ಲ, ಮನೆ ಮಗಳ ಹಾಗೆ ಬರ್ತಿದ್ಳು, ಬೇಡ ಅಂದ್ರೂ ಕೇಳ್ತಿರ್ಲಿಲ್ಲ, ಹೊಟ್ಟೇಲಿ ಹುಟ್ಟಿದ ಮಕ್ಕಳೂ ಹಾಗೆ ಮಾಡಲ್ಲ ಅಂದೆ. ಗಂಡಸು ತಲೆ ಎತ್ತದೆ ಬರೆದುಕೊಂಡ. ತಮ್ಮ ಬಾಗಿಲ ಹತ್ತಿರ ನಿಂತಿದ್ದ. ಅವನ ಮುಖದಲ್ಲಿ ಒಂದು ನೆಮ್ಮದಿ ಬಂತು, ಅದನ್ನು ನಾನು ನನ್ನ ಮಾತಿನ ಹೆಚ್ಚುಗಾರಿಕೆ ಎಂದು ತಿಳಿದೆ.

ನನ್ನ ಹೊಗಳಿಕೆಯಿಂದಲೇ ನಿನ್ನ ದೂರು ಬಿದ್ದುಹೋಯಿತು. ಬಲವಂತವೇನೂ ಇರಲಿಲ್ಲ, ಅವರ ಅಕ್ಕನೇ ಹೇಳಿದ್ದಾರೆ ಎಂದು ಮುಚ್ಚಿದರಂತೆ.

ಕೀಲಿ ಕೊಡಲು ಬಂದ ದಿನ ನೀನು ಒಳಗೆ ಬರಲಿಲ್ಲ. ಗೊಂಚಲನ್ನು ಬಾಗಿಲ ಪಕ್ಕದ ಮೇಜಿನ ಮೇಲೆ ಇಟ್ಟೆ. ನಾನು ಅಡುಗೆಮನೆಯಿಂದ, ಏ, ಬಾರೇ, ಎಷ್ಟು ದಿನ ಆಯ್ತು ಮುಖ ತೋರಿಸಿ ಅಂದೆ. ನೀನು ನಿಂತಲ್ಲಿಂದಲೇ, ನೀವು ನನ್ನ ಬಗ್ಗೆ ತುಂಬಾ ಚೆನ್ನಾಗಿ ಹೇಳಿದ್ರಂತೆ ದೊಡ್ಡಮ್ಮ ಅಂದೆ. ನನಗೆ ಹಿಗ್ಗು. ಇನ್ನೂ ಹೇಳಬೇಕಿತ್ತು ಕಣೇ, ಅವರೇ ಎದ್ದುಬಿಟ್ರು ಅಂದೆ. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ನೀನಿರಲಿಲ್ಲ. ಮೊದಲ ಸಲ ನೀನು ಸದ್ದಿಲ್ಲದೆ ಗೇಟು ದಾಟಿದೆ.

ಈಗ ಇದೆಲ್ಲ ಹೇಗೆ ತಿಳಿಯಿತು ಎಂದು ಕೇಳುತ್ತೀಯ. ನಿನ್ನ ಜಾಗಕ್ಕೆ ಅವನು ಇನ್ನೊಬ್ಬಳನ್ನು ಕಳಿಸಿದ. ತೆಳ್ಳಗೆ, ಮಾತು ಕಡಿಮೆ. ಬಂದ ದಿನವೇ ಪ್ರಾರ್ಥನೆ ಪುಸ್ತಕ ತೆಗೆದುಕೊಂಡು ಕೂತಳು. ಓದಿದ್ದು ಮುಗಿದ ಮೇಲೆ, ದೊಡ್ಡಮ್ಮ, ನಾನು ಬಂದಿದ್ದೆ ಅಂತ ಸರ್‌ಗೆ ಹೇಳ್ತೀರಲ್ಲಾ, ಮರೀಬೇಡಿ ಅಂದಳು. ಯಾಕಮ್ಮ, ಮನೆಗೆ ಬಂದವರ ಹಾಜರಿ ಹಾಕ್ತಾರಾ ಎಂದು ತಮಾಷೆ ಮಾಡಿದೆ. ಅವಳು ನಗಲಿಲ್ಲ. ಹೇಳದಿದ್ರೆ ನನ್ನದೂ ಆ ಅಕ್ಕನ ಹಾಗೇ ಆಗುತ್ತೆ ಅಂದಳು. ಯಾವ ಅಕ್ಕ, ಏನು ಹಾಗೆ ಎಂದು ನಾನು ಬಿಡಲಿಲ್ಲ. ಮೊದಲು ಹೆದರಿದಳು, ಆಮೇಲೆ ಎಲ್ಲಾ ಹೇಳಿದಳು. ಹುಳು ಸತ್ತದ್ದು, ವರ್ಷ ತಳ್ಳಿದ್ದು, ದೂರು, ನನ್ನ ಮಾತು, ನೀನು ಗಂಟುಮೂಟೆ ಕಟ್ಟಿ ಊರಿಗೆ ಹೋದದ್ದು. ನಿನ್ನ ವಿಳಾಸ ಕೊಟ್ಟವಳೂ ಅವಳೇ, ಅವಳ ಮೇಲೆ ಕೋಪ ಮಾಡಿಕೊಳ್ಳಬೇಡ.

ತಮ್ಮ ಊಟಕ್ಕೆ ಕೂತಾಗ ಕೇಳಿದೆ. ಅವನು ಮೊದಲು, ಎಲ್ಲಾ ಕಡೆ ಹೀಗೇನೇ ಅಕ್ಕ, ನಾನೂ ನನ್ನ ಗೈಡ್‌ನ ಮಕ್ಕಳನ್ನ ಸ್ಕೂಲಿಗೆ ಬಿಟ್ಟು ಬಂದವನೇ, ನಾನೇನು ಸತ್ತುಹೋದ್ನಾ ಅಂದ. ಆಮೇಲೆ, ನಾನೇನು ಅವಳನ್ನ ಕುತ್ತಿಗೆ ಹಿಡಿದು ಎಳ್ಕೊಂಡು ಬಂದ್ನಾ ಅಂದ. ಕುತ್ತಿಗೆ ಹಿಡೀಲಿಲ್ಲ ಕಣೋ, ರುಜು ಹಿಡಿದೆ ಅಂದೆ. ಅದಕ್ಕೆ ಅವನು ನನ್ನ ಮುಖವನ್ನೇ ನೋಡುತ್ತ, ನೀನೇ ಹೇಳಿದ್ಯಲ್ಲಕ್ಕ ಇನ್ನೊಂದು ವರ್ಷ ಇರ್ಲಿ ಅಂತ, ನಿನಗೋಸ್ಕರ ಮಾಡಿದ್ದು ಅಂದ.

ಅವನು ಸುಳ್ಳು ಹೇಳುತ್ತಿಲ್ಲ ಎಂದು ಗೊತ್ತಾಯಿತು. ಅದೇ ನನ್ನನ್ನು ಕೊಂದದ್ದು. ಕೆಟ್ಟವನಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನಮ್ಮಮ್ಮ ಹೋದ ಮೇಲೆ ಅವನನ್ನು ಬೆಳೆಸಿದವಳು ನಾನು. ಶಾಲೆಗೆ ಹೋಗುವಾಗ ಅವನ ಚೀಲ ನನ್ನ ಹೆಗಲ ಮೇಲೆ, ನಾನು ಶಾಲೆ ಬಿಟ್ಟ ಮೇಲೂ ಗೇಟಿನ ತನಕ ಹೊತ್ತು ಬಿಟ್ಟು ಬರುತ್ತಿದ್ದೆ. ಅವನು ಮುಂದೆ ಕೈಬೀಸಿಕೊಂಡು ನಡೆಯುತ್ತಿದ್ದ. ಇವತ್ತಿಗೂ ಹಾಗೇ ನಡೆಯುತ್ತಾನೆ, ಹಿಂದೆ ಯಾರೋ ಹೊತ್ತು ಬರುತ್ತಿದ್ದಾರೆ ಅನ್ನುವ ಧೈರ್ಯದಲ್ಲಿ.

ಮಾರನೆಯ ದಿನ ನಾನೊಬ್ಬಳೇ ಆಟೋ ಹಿಡಿದು ವಿಶ್ವವಿದ್ಯಾಲಯಕ್ಕೆ ಹೋದೆ. ಎಷ್ಟು ದೊಡ್ಡ ಜಾಗ! ಕೇಳಿದವರೆಲ್ಲ ಒಂದೊಂದು ದಿಕ್ಕು ತೋರಿಸಿದರು. ಕೊನೆಗೆ ಆ ದಪ್ಪ ಕನ್ನಡಕದ ಮೇಡಂ ಸಿಕ್ಕಿದರು. ನಾನು ಅವತ್ತು ಹೇಳಿದ್ದು ತಪ್ಪು, ಈಗ ಮತ್ತೆ ಹೇಳ್ತೀನಿ ಅಂದೆ. ಅವತ್ತು ಹೇಳಿದ್ದೂ ನೀವೇ, ಇವತ್ತು ಹೇಳ್ತಿರೋದೂ ನೀವೇ, ಯಾವ್ದನ್ನ ಬರ್ಕೊಳ್ಳಿ ಅಮ್ಮಾ ಎಂದು ಕೇಳಿದರು. ಎರಡೂ ಬರ್ಕೊಳ್ಳಿ ತಾಯಿ, ಅವತ್ತು ನನಗೆ ಕಂಡಷ್ಟು ಹೇಳಿದೆ, ಇವತ್ತು ಕಾಣ್ತಿರೋಷ್ಟು ಹೇಳ್ತೀನಿ ಅಂದೆ. ಆಸ್ಪತ್ರೆ, ಉತ್ತರಪತ್ರಿಕೆ, ಕಾರು, ಕೀಲಿ, ನಾನು ವರ್ಷ ಕೇಳಿದ್ದು, ಅವನು ಕೊಟ್ಟದ್ದು, ಒಂದನ್ನೂ ಬಿಡಲಿಲ್ಲ. ಅವರು ಬರೆದದ್ದರ ಕೆಳಗೆ ರುಜು ಹಾಕಿದೆ.

ಈಗ ಮುಖ್ಯವಾದ ಮಾತು, ಎರಡು ಸಲ ಓದು. ಮುಚ್ಚಿದ ದೂರನ್ನು ತೆರೆಯಬೇಕಾದರೆ ನೀನೇ ಬರೆದು ಕೇಳಬೇಕಂತೆ. ನನ್ನ ಮಾತೊಂದೇ ಸಾಲದು. ನೀನು ಕೇಳಿದರೆ ನಿನಗೆ ಬೇರೆ ಗೈಡನ್ನು ಕೊಟ್ಟು, ಬರೆದಿಟ್ಟ ಪ್ರಬಂಧವನ್ನು ಅವರ ಕೈಕೆಳಗೆ ಒಪ್ಪಿಸಲು ದಾರಿ ಇದೆ ಅಂದರು. ಆದರೆ ನಿನ್ನ ಪಿಎಚ್‌ಡಿಗೆ ಕೊಟ್ಟ ಅವಧಿ ಮುಗಿಯುವುದರ ಒಳಗೆ. ಮುಗಿದರೆ ನಿನ್ನ ಹೆಸರೇ ತೆಗೆದುಹಾಕುತ್ತಾರಂತೆ, ಆಮೇಲೆ ಹುಳು ಸಾಕಿದ್ದೆಲ್ಲ ನೀರುಪಾಲು. ಮೇಡಂ ವಿಳಾಸವನ್ನು ಬೇರೆ ಚೀಟಿಯಲ್ಲಿ ಬರೆದು ಒಳಗಿಟ್ಟಿದ್ದೇನೆ. ಬರೆಯುತ್ತೀಯೋ ಬಿಡುತ್ತೀಯೋ ನಿನ್ನ ಇಷ್ಟ. ನನ್ನ ಮನಸ್ಸಿನ ಭಾರ ಇಳಿಯಲಿ ಎಂದು ಬರೆಯಬೇಡ. ನಿನಗೆ ಬೇಕಿದ್ದರೆ ಬರೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದೂ ನಿನಗೊಂದು ಕೆಲಸವಾಗುತ್ತದೆ, ಈ ಮನೆಗೆ ನೀನು ಮಾಡಿದ ಕೆಲಸ ಸಾಕು.

ಮೇಡಂ ಹತ್ತಿರ ಹೋಗಿದ್ದನ್ನು ತಮ್ಮನಿಗೆ ನಾನೇ ಹೇಳಿದೆ. ಊಟಕ್ಕೆ ಕೂತವನು ಎದ್ದುಹೋದ. ಈಗ ಬೇಕಾದ್ದಕ್ಕಷ್ಟೇ ಮಾತು. ಮನೆ ಬಿಟ್ಟು ಹೋಗು ಅನ್ನಲಿಲ್ಲ, ಅನ್ನಲಾರ. ಹೊಸ ಹುಡುಗಿಗೆ, ನಿನ್ನ ಪುಸ್ತಕದ ಹತ್ರ ಹೋಗಮ್ಮ, ಇತ್ತ ಬರಬೇಡ, ನೀನು ಬಂದ್ರೂ ಬಾಗಿಲು ತೆಗೆಯಲ್ಲ ಎಂದು ಹೇಳಿ ಕಳಿಸಿದೆ. ಅದಾದ ಮೇಲೆ ನನ್ನ ಮಾತ್ರೆ ಮುಗಿದಾಗ ಅವನೇ ಅಂಗಡಿಗೆ ಹೋಗಿ ತಂದ. ತಪ್ಪು ಮಾತ್ರೆ ತಂದ, ಮತ್ತೆ ಹೋಗಿ ಬದಲಿಸಿಕೊಂಡು ಬಂದ.

ಸಂಜೆ ಹೊತ್ತಿಗೆ ಇನ್ನೂ ಕಿವಿ ಗೇಟಿನ ಕಡೆಗೇ ಇರುತ್ತದೆ. ನೀನು ಬರಬೇಡ. ಕಿವಿಗೆ ಬುದ್ಧಿ ಹೇಳುತ್ತೇನೆ.

ದೇವರಲ್ಲಿ ಈಗ ನಿನ್ನ ಹೆಸರು ಹೇಳುವುದನ್ನೂ ನಿಲ್ಲಿಸಿದ್ದೇನೆ. ನಾನು ಬೇಡಿದ್ದು ನಿನಗೆ ಒಳ್ಳೆಯದಾಗಲಿಲ್ಲ. ಅವನಿಗೆ ತಿಳಿದದ್ದನ್ನು ಅವನು ಮಾಡಲಿ.

ಇಂತಿ,
ನಿನ್ನಿಂದ ಓದಿಸಿಕೊಂಡ
ದೊಡ್ಡಮ್ಮ

ಮರೆತಿದ್ದು, ಅಲ್ಲ, ಮರೆತಂತೆ ಮಾಡಿದ್ದು: ಇಷ್ಟುದ್ದ ಕಾಗದವನ್ನು ಈ ಕುರುಡಿಗೆ ಯಾರು ಬರೆದುಕೊಟ್ಟರು ಎಂದು ನಿನಗೆ ಅನ್ನಿಸಿರಬೇಕು. ಯಾರೂ ಇಲ್ಲ. ನನಗೆ ಕಣ್ಣು ಚೆನ್ನಾಗಿ ಕಾಣುತ್ತದೆ. ಎರಡನೆಯ ಆಪರೇಷನ್ ಮಾಗಿದ ಮೇಲೆ ತಮ್ಮನ ಹೆಂಡತಿಯ ಜೊತೆ ಹೋದಾಗಲೇ ಡಾಕ್ಟರು ಓದುವ ಕನ್ನಡಕ ಕೊಟ್ಟಿದ್ದರು. ಹಾಕಿಕೊಂಡರೆ ತಲೆ ಸಿಡಿಯುತ್ತೆ ಎಂದು ಮನೆಯವರಿಗೆಲ್ಲ ಹೇಳಿ, ಬೇಳೆ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ. ನೀನು ಹೋದ ಮೇಲೆ ಹಾಕಿಕೊಂಡು ಓದುತ್ತೇನೆ. ಪ್ರಾರ್ಥನೆ ಪುಸ್ತಕದ್ದು ದಪ್ಪ ಅಕ್ಷರ, ಕನ್ನಡಕವಿಲ್ಲದೆಯೂ ಕಾಣುತ್ತಿತ್ತು; ನೀನು ಓದುವಾಗಲೂ ಒಂದೊಂದು ಸಲ ಕಳ್ಳಗಣ್ಣಿನಲ್ಲಿ ಪುಟ ನೋಡುತ್ತಿದ್ದೆ. ಸುಸ್ತಾದ ದಿನ ನೀನು ನಡುವೆ ಒಂದು ಪ್ಯಾರಾ ಹಾರಿಸುತ್ತಿದ್ದೆ, ಕಂಡರೂ ಸುಮ್ಮನಿದ್ದೆ. ಹಾರಿಸಿಕೊಳ್ಳಲಿ ಬಿಡು ಅಂದುಕೊಂಡೆನೇ ಹೊರತು, ಎದ್ದು ಹೋಗಮ್ಮ, ಮಲಕ್ಕೋ ಅನ್ನಲಿಲ್ಲ.

ನೀನು ನನಗೆ ಉತ್ತರ ಬರೆಯುವುದಿದ್ದರೆ ಮನೆಗೆ ಹಾಕಬೇಡ. ತಮ್ಮನ ಇಲಾಖೆಯ ವಿಳಾಸಕ್ಕೆ ಹಾಕು, ಮೇಲೆ ನನ್ನ ಹೆಸರನ್ನು ದಪ್ಪಗೆ ಬರೆ. ಅವನ ಕಿವಿಗೆ ಬೀಳಬಾರದ್ದು ಇದ್ದರೆ ಬರೆಯಬೇಡ. ಅವನ ಬಾಯಲ್ಲೇ ಬರಬೇಕಾದ್ದು ಇದ್ದರೆ ಒಂದು ಸಾಲನ್ನೂ ಬಿಡಬೇಡ. ಇವತ್ತು ಉಪವಾಸ, ಅವನಿಗೆ ಏನೂ ಹೇಳಿಲ್ಲ. ನಾಳೆ ಉಪವಾಸವಿಲ್ಲ. ನಾಳೆ ಹೇಳುತ್ತೇನೆ: ಅಪ್ಪಾ, ನಿನ್ನ ಆಫೀಸಿಗೆ ನನ್ನ ಹೆಸರಲ್ಲಿ ಒಂದು ಕಾಗದ ಬರುತ್ತೆ, ಯಾವ ಹುಡುಗಿ ಕೈಲೂ ಕಳಿಸಬೇಡ, ನೀನೇ ತಂದುಕೊಡು. ನನಗೆ ಕಣ್ಣು ಕಾಣಲ್ಲ, ಪಕ್ಕದಲ್ಲಿ ಕೂತು ಓದಿ ಹೇಳು.